ಟ್ರಾಫಿಕ್ ಗದ್ದಲ ಇಲ್ಲದ ವಾಕಿಂಗ್ ದಾರಿ ಹುಡುಕುವುದು ಹೇಗೆ?

ಬೆಂಗಳೂರಿನಲ್ಲಿ ವಾಕಿಂಗ್‌ಗೆ ಎಲ್ಲಿ ಹೋಗಲಿ ಅಂತ ಯಾರನ್ನೇ ಕೇಳಿ, ಹತ್ತಿರದ ಪಾರ್ಕಿನ ಹೆಸರು ಹೇಳುತ್ತಾರೆ. ಆದರೆ ಬಡಾವಣೆಯ ಎಷ್ಟೋ ಪಾರ್ಕುಗಳು ಮೇನ್ ರೋಡಿಗೆ ಅಂಟಿಕೊಂಡೇ ಇವೆ. ಕಂಬಿ ಬೇಲಿಯ ಈಚೆ ನೀವು ನಡೆಯುತ್ತಿರುತ್ತೀರಿ, ಆಚೆ ಬಸ್ಸು ಗೇರ್ ಬದಲಿಸುತ್ತದೆ, ಆಟೋ ಹಾರ್ನ್ ಹೊಡೆಯುತ್ತದೆ, ಸಿಗ್ನಲ್ ಬಿಟ್ಟ ತಕ್ಷಣ ಬೈಕುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಅರ್ಧ ಗಂಟೆ ನಡೆದು ಮನೆಗೆ ಬಂದರೂ ತಲೆ ಹಗುರ ಆಗಿರುವುದಿಲ್ಲ.

ಸದ್ದಿಲ್ಲದ ದಾರಿ ಬೇಕಿದ್ದರೆ ಮರ ಎಷ್ಟಿದೆ ಅಂತ ಎಣಿಸುವುದಕ್ಕಿಂತ, ನಿಮಗೂ ರಸ್ತೆಗೂ ನಡುವೆ ಏನು ಅಡ್ಡ ನಿಂತಿದೆ ಅಂತ ನೋಡಬೇಕು. ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲೇ ಅಂಥ ಜಾಗ ಇರುವುದು ಅಪರೂಪವೇನಲ್ಲ. ಹುಡುಕುವ ಕ್ರಮ ಗೊತ್ತಿರಬೇಕು, ಅಷ್ಟೆ.

ಮೊದಲು, ನಿಮ್ಮನ್ನು ಕಾಡುವ ಸದ್ದು ಯಾವುದು?

ಒಂದು ದಿನ ಬೆಳಿಗ್ಗೆ ಮನೆಯ ತಾರಸಿಯ ಮೇಲೆ ಐದು ನಿಮಿಷ ಸುಮ್ನೆ ನಿಂತು ಕೇಳಿ. ಟ್ರಾಫಿಕ್ ಸದ್ದಿನಲ್ಲಿ ಎರಡು ಬಗೆ ಇದೆ. ಒಂದು, ಬಿಡುವೇ ಇಲ್ಲದೆ ಮೊರೆಯುವ ಸದ್ದು. ರಿಂಗ್ ರೋಡ್, ಹೈವೇ, ಫ್ಲೈಓವರ್ ಕಡೆಯಿಂದ ಬರುವುದು ಇದು. ಗಾಡಿಗಳು ಗಂಟೆಗೆ 50 ಕಿಲೋಮೀಟರ್ ದಾಟಿ ಓಡುವಾಗ ಇಂಜಿನ್ನಿಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಜಾಸ್ತಿ. ಮಳೆ ಬಂದು ರಸ್ತೆ ಒದ್ದೆಯಾದರೆ ಇನ್ನೂ ಜೋರು. ಇನ್ನೊಂದು, ಬಿಟ್ಟು ಬಿಟ್ಟು ಬರುವ ಹಾರ್ನ್, ಬ್ರೇಕ್, ಸೈಲೆನ್ಸರ್ ಸದ್ದು. ಸಿಗ್ನಲ್, ಹಂಪ್, ಏರು ದಾರಿ, ಶಾಲೆಯ ಗೇಟು, ಬಸ್ ಸ್ಟಾಪ್ ಇರುವ ಕಡೆ ಇದರ ಕಾಟ.

ಇದನ್ನು ಬೇರೆ ಮಾಡಿಕೊಳ್ಳುವುದು ಯಾಕೆ ಅಂದರೆ, ಎರಡಕ್ಕೂ ಪರಿಹಾರ ಬೇರೆ. ಹಾರ್ನ್ ಕಾಟಕ್ಕೆ ಮುಖ್ಯರಸ್ತೆಯಿಂದ ಎರಡು ಕ್ರಾಸ್ ಒಳಗೆ ಹೋದರೆ ಎಷ್ಟೋ ಸಲ ಸಾಕು, ನಡುವಿನ ಮನೆಗಳೇ ಅದನ್ನು ತಡೆಯುತ್ತವೆ. ಮೊರೆತ ಹಾಗಲ್ಲ. ಅದು ತುಂಬಾ ದೂರ ಬರುತ್ತದೆ. ಎತ್ತರದಲ್ಲಿರುವ ಫ್ಲೈಓವರ್‌ನಿಂದ ಬರುವ ಸದ್ದಂತೂ ಮನೆಗಳ ತಲೆಯ ಮೇಲಿಂದಲೇ ದಾಟಿ ಬರುತ್ತದೆ. ಅದಕ್ಕೆ ದೂರ ಮತ್ತು ಅಡ್ಡ ಎರಡೂ ಬೇಕು.

ದೂರ ಒಂದೇ ಯಾಕೆ ಸಾಲದು

ಒಂದೇ ಕಡೆ ನಿಂತ ಜನರೇಟರಿನಂಥ ಸದ್ದು, ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ (ಸದ್ದು ಅಳೆಯುವ ಮಾನ) ಇಳಿಯುತ್ತದೆ. ರಸ್ತೆ ಹಾಗಲ್ಲ, ಅದು ಉದ್ದಕ್ಕೂ ಸದ್ದು ಮಾಡುವ ಗೆರೆ. ಅಲ್ಲಿ ದೂರ ಎರಡು ಪಟ್ಟಾದರೂ ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. ಅಂದರೆ ರಸ್ತೆಯಿಂದ 50 ಮೀಟರ್ ದೂರ ಇದ್ದವರು 100 ಮೀಟರ್‌ಗೆ ಹೋದರೆ ಸಿಗುವುದು ಬರೀ 3. ನಮ್ಮ ಕಿವಿಗೆ ಸದ್ದು ಅರ್ಧ ಆಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು.

ಅದೇ, ನಿಮಗೂ ರಸ್ತೆಗೂ ನಡುವೆ ಒಂದು ಗೋಡೆ, ಮಣ್ಣಿನ ದಿಬ್ಬ, ಬಂಡೆ ಅಥವಾ ಮನೆಗಳ ಸಾಲು ಬಂದು ರಸ್ತೆ ಕಣ್ಣಿಗೆ ಮರೆಯಾದರೆ, ಅಷ್ಟರಿಂದಲೇ 5 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ಅಡ್ಡ ಎತ್ತರ ಇದ್ದಷ್ಟೂ, ನಡುವೆ ಸಂದಿ ಇಲ್ಲದಷ್ಟೂ ಇನ್ನೂ ಒಳ್ಳೆಯದು. ಮರಗಳ ವಿಷಯದಲ್ಲಿ ಸ್ವಲ್ಪ ನಿರಾಸೆ ಆಗಬಹುದು. ಒಂದು ಸಾಲು ಮರ ಸದ್ದನ್ನು ತಡೆಯುವುದೇ ಇಲ್ಲ ಅನ್ನಬಹುದು. ನೆಲದಿಂದಲೇ ಒತ್ತಾಗಿ ಬೆಳೆದ ಗಿಡಮರ 30 ಮೀಟರ್ ದಪ್ಪ ಇದ್ದರೆ ಸುಮಾರು 5 ಡೆಸಿಬೆಲ್ ಸಿಗುತ್ತದೆ. ಮರ ಬೇಡ ಅಂತಲ್ಲ. ನೆರಳು ಕೊಡುತ್ತದೆ, ಹಕ್ಕಿಗಳನ್ನು ಕರೆತರುತ್ತದೆ, ಎಲೆ ಅಲ್ಲಾಡುವ ಸದ್ದಿನಲ್ಲಿ ದೂರದ ಮೊರೆತ ಸ್ವಲ್ಪ ಮುಚ್ಚಿಹೋಗುತ್ತದೆ. ಗೋಡೆಯ ಕೆಲಸ ಮಾತ್ರ ಅದರಿಂದ ಆಗುವುದಿಲ್ಲ.

ಹೀಗಾಗಿ ನೆನಪಿಟ್ಟುಕೊಳ್ಳಲು ಸುಲಭವಾದ ಒಂದು ಲೆಕ್ಕ: ನಡೆಯುವಾಗ ರಸ್ತೆ ಕಣ್ಣಿಗೆ ಕಾಣುತ್ತಿದ್ದರೆ ಸದ್ದೂ ನೇರ ಬರುತ್ತದೆ.

ಮ್ಯಾಪ್ ತೆರೆದು ಕೂತುಕೊಳ್ಳಿ

ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ಹಾಕಿಕೊಂಡು ನಿಮ್ಮ ಮನೆಯ ಸುತ್ತ ಒಂದೂವರೆ ಕಿಲೋಮೀಟರ್ ನೋಡಿ. ವಾರದ ದಿನ ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಟ್ರಾಫಿಕ್ ಬಣ್ಣಗಳನ್ನೂ ಹಾಕಿ. ಕೆಂಪಾಗುವ ಮೇನ್ ರೋಡುಗಳು ನಿಮಗೆ ಮೊದಲೇ ಗೊತ್ತಿರುತ್ತವೆ. ಗಮನಿಸಬೇಕಾದ್ದು ಕಿತ್ತಳೆಗೆ ತಿರುಗುವ ಒಳರಸ್ತೆಗಳನ್ನು. ಅವು ಶಾರ್ಟ್‌ಕಟ್ ಹೊಡೆಯುವವರ ದಾರಿ, ಬಿಟ್ಟುಬಿಡಿ.

ಆಮೇಲೆ, ಗಾಡಿ ದಾಟಿ ಹೋಗಲು ಆಗದ ಜಾಗಗಳನ್ನು ಹುಡುಕಿ. ರಾಜಕಾಲುವೆಗೆ ಬಂದು ನಿಲ್ಲುವ ರಸ್ತೆ, ದೊಡ್ಡ ಕಾಂಪೌಂಡಿಗೆ ಮುಟ್ಟಿ ಮುಗಿಯುವ ಕ್ರಾಸ್, ರೈಲು ಹಳಿಯ ಪಕ್ಕದ ಬೀದಿ. ಅಂಥ ಕಡೆ ಬರುವುದು ಅಲ್ಲೇ ಮನೆ ಇರುವವರು ಮಾತ್ರ. ಹಳಿ ಅಂದ ಕೂಡಲೇ ಬೇಡ ಅನ್ನಬೇಡಿ. ರೈಲು ಒಂದು ನಿಮಿಷ ಸದ್ದು ಮಾಡಿ ಹೋಗುತ್ತದೆ, ರಸ್ತೆ ದಿನವಿಡೀ ಮಾಡುತ್ತದೆ. ಹಳಿಯ ಮೇಲೆ ಮಾತ್ರ ನಡೆಯಬಾರದು, ಪಕ್ಕದ ಬೀದಿಯಲ್ಲಿ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಅನುಕೂಲ ಇದೆ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟು ತಪ್ಪಿಸಲು ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಆಗ ಕಕ್ಕಸು ಬಳಿಯುವವರಿಗಾಗಿ ಬಿಟ್ಟಿದ್ದ ಹಿಂದಾರಿಗಳು ಇವು. ಈಗ ಕೆಲವು ಮುಚ್ಚಿಹೋಗಿವೆ, ಕೆಲವು ಕಸ ತುಂಬಿವೆ, ಕೆಲವನ್ನು ಅಲ್ಲಿನವರೇ ಚೊಕ್ಕ ಮಾಡಿಕೊಂಡಿದ್ದಾರೆ. ಎರಡೂ ಕಡೆ ಮನೆ ಗೋಡೆ ಇರುವುದರಿಂದ ಒಳಗೆ ಹೊಕ್ಕ ಕೂಡಲೇ ಸದ್ದು ಇಳಿಯುವುದು ಗೊತ್ತಾಗುತ್ತದೆ. ಉದ್ದ ವಾಕಿಂಗ್‌ಗೆ ಇದೊಂದೇ ಸಾಲದು, ಆದರೆ ಎರಡು ಪಾರ್ಕುಗಳ ನಡುವೆ ಮೇನ್ ರೋಡ್ ತಪ್ಪಿಸಿ ದಾಟಲು ಒಳ್ಳೆಯ ದಾರಿ. ಜಯನಗರದ ಒಳಗಿನ ಕ್ರಾಸ್‌ಗಳೂ ಹೀಗೇ: ಮೇನ್‌ಗಳನ್ನು ಬಿಟ್ಟು ಕ್ರಾಸ್‌ನಿಂದ ಕ್ರಾಸ್‌ಗೆ ಅಡ್ಡಾಡಿದರೆ ನೆರಳಲ್ಲೇ ಒಂದು ಗಂಟೆ ನಡೆಯಬಹುದು.

ನೆಲದ ಏರಿಳಿತವನ್ನೂ ನೋಡಿ. ಬೆಂಗಳೂರು ದಿಣ್ಣೆ, ತಗ್ಗುಗಳ ಊರು. ಎಷ್ಟೋ ದೊಡ್ಡ ರಸ್ತೆಗಳು ದಿಣ್ಣೆಯ ಮೇಲೆ ಓಡುತ್ತವೆ, ಕೆರೆ ಕಾಲುವೆಗಳು ತಗ್ಗಿನಲ್ಲಿವೆ. ತಗ್ಗಿಗೆ ಇಳಿದಂತೆ ನೆಲವೇ ಅಡ್ಡ ಆಗುತ್ತದೆ.

ಕೆರೆ ದಂಡೆ: ಯಾವ ದಂಡೆ ಅನ್ನುವುದು ಮುಖ್ಯ

ಕೆರೆ ಅಂದ ಮಾತ್ರಕ್ಕೆ ನಿಶ್ಶಬ್ದ ಅಲ್ಲ. ಹೆಬ್ಬಾಳ ಕೆರೆಯ ಪಕ್ಕದಲ್ಲೇ ಫ್ಲೈಓವರ್ ಇದೆ. ಅಗರ ಕೆರೆಗೆ ಔಟರ್ ರಿಂಗ್ ರೋಡ್ ತಾಗಿಕೊಂಡಿದೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಪಕ್ಕ ಹುಬ್ಬಳ್ಳಿ–ಧಾರವಾಡ ರಸ್ತೆ. ನೋಡಲು ಮೂರೂ ಚೆಂದ, ಹಕ್ಕಿಗಳೂ ಇವೆ. ಕಿವಿಗೆ ಬಿಡುವು ಸಿಗುತ್ತದೆ ಅಂತ ಹೋದರೆ ರಸ್ತೆಯ ಕಡೆಯ ದಂಡೆಯಲ್ಲಿ ಸಿಗುವುದಿಲ್ಲ.

ಅದಕ್ಕೊಂದು ಕಾರಣ ಇದೆ. ನೀರಿನ ಮೇಲ್ಮೈ ಗಟ್ಟಿ ನೆಲದ ಹಾಗೆ ಸದ್ದನ್ನು ವಾಪಸ್ ಎಸೆಯುತ್ತದೆ, ಹುಲ್ಲು ಮಣ್ಣಿನ ಹಾಗೆ ಹೀರಿಕೊಳ್ಳುವುದಿಲ್ಲ. ನಡುವೆ ಅಡ್ಡವೂ ಇಲ್ಲ. ಬೆಳಗಿನ ಜಾವ ನೀರಿನ ಮೇಲೆ ತಣ್ಣಗಿನ ಗಾಳಿ ಕೂತಿರುವಾಗ ಆಚೆ ದಂಡೆಯ ಹಾರ್ನ್ ಪಕ್ಕದಲ್ಲೇ ಹೊಡೆದ ಹಾಗೆ ಕೇಳುತ್ತದೆ. ಹಾಗಾಗಿ ಕೆರೆಗೆ ಹೋದಾಗ ಮೊದಲು ಒಂದು ಸುತ್ತು ಪೂರ್ತಿ ಹಾಕಿ, ಎಲ್ಲಿ ಸದ್ದು ಕಡಿಮೆ ಅಂತ ಗುರುತು ಮಾಡಿಕೊಳ್ಳಿ. ಆಮೇಲಿನ ದಿನಗಳಲ್ಲಿ ಪೂರ್ತಿ ಸುತ್ತು ಹಾಕಲೇಬೇಕು ಅನ್ನುವ ಹಟ ಬೇಡ. ಒಳ್ಳೆಯ ಅರ್ಧದಲ್ಲೇ ಹೋಗಿ ಬಂದು ಮಾಡಿದರೂ ಹೆಜ್ಜೆ ಲೆಕ್ಕ ಅಷ್ಟೇ.

ಏರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರುಗಳಲ್ಲಿ ಕೆರೆ ಏರಿಯ ಮೇಲೆಯೇ ಗಾಡಿ ದಾರಿ ಇರುತ್ತಿತ್ತು. ಊರು ಬೆಳೆದು ಎಷ್ಟೋ ಕಡೆ ಅದೇ ಡಾಂಬರು ರಸ್ತೆ ಆಗಿದೆ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಸ್ಯಾಂಕಿ ಕೆರೆಯಲ್ಲೂ ಒಂದು ಕಡೆ ಸ್ಯಾಂಕಿ ರಸ್ತೆ, ಇನ್ನೊಂದು ಕಡೆ ಏರಿಯ ರಸ್ತೆ ಇದೆ. ಎರಡರಿಂದಲೂ ದೂರ ಇರುವ ಭಾಗದಲ್ಲಿ ನಡೆಯಿರಿ. ಆದರೆ ರಸ್ತೆ ಏರಿಯ ಮೇಲೆ ಇಲ್ಲದೆ ಅದರ ಹಿಂದೆ ತಗ್ಗಿನಲ್ಲಿದ್ದರೆ, ಅದೇ ಏರಿ ನಿಮ್ಮ ಪಾಲಿನ ಅತ್ಯುತ್ತಮ ಗೋಡೆ. ಏರಿಯ ನೆತ್ತಿಯ ಮೇಲೆ ನಡೆದರೆ ರಸ್ತೆ ಕಾಣುತ್ತದೆ, ಕೇಳುತ್ತದೆ. ನೀರಿನ ಕಡೆಗೆ ಕೆಳದಾರಿ ಇದ್ದರೆ ಅದರಲ್ಲಿ ಹೋಗಿ. ಒಂದಾಳು ಎತ್ತರ ಕೆಳಗಿಳಿದರೂ ಸಾಕು, ಮೊರೆತ ಹಿಂದಕ್ಕೆ ಸರಿದು ನೀರುಕಾಗೆ ರೆಕ್ಕೆ ಬಡಿಯುವುದು, ನೀರು ಕಲ್ಲಿಗೆ ತಾಗುವುದು ಕೇಳತೊಡಗುತ್ತದೆ. ಕೆಳದಾರಿ ಇಲ್ಲದಿದ್ದರೆ ಏರಿಯನ್ನು ಬಿಟ್ಟು, ಕೆರೆಗೆ ನೀರು ಬಂದು ಸೇರುವ ಕಡೆಗೆ ನಡೆಯಿರಿ. ಅಲ್ಲಿ ಜೊಂಡು ಬೆಳೆದಿರುತ್ತದೆ, ಜನ ಕಡಿಮೆ. ರಾಜಕಾಲುವೆಯ ವಾಸನೆ ಇದ್ದರೂ ಅಲ್ಲೇ ಇರುತ್ತದೆ. ಅದನ್ನು ಹೋಗಿಯೇ ನೋಡಬೇಕು.

ಉತ್ತರ ಬೆಂಗಳೂರಿನವರಿಗೆ ಜಕ್ಕೂರು ಕೆರೆ ಹೇಳುತ್ತೇನೆ. ಬಳ್ಳಾರಿ ರಸ್ತೆಯಿಂದ ಒಳಗಿದೆ, ವಿಸ್ತಾರವಾಗಿದೆ, ನಡೆಯುವ ದಾರಿ ಉದ್ದ ಇದೆ.

ಯಾವ ಹೊತ್ತಿಗೆ ಹೋಗಬೇಕು

ಬೇಗ ಎದ್ದರೆ ನಿಶ್ಶಬ್ದ ಅಂತ ಎಲ್ಲರೂ ಹೇಳುತ್ತಾರೆ. ಊರ ಒಳಗೆ ಇದು ನಿಜ, ಐದೂವರೆಯಿಂದ ಏಳರವರೆಗೆ ಒಳ್ಳೆಯ ಹೊತ್ತು. ಶಾಲಾ ಬಸ್ಸುಗಳು ಹೊರಟ ಮೇಲೆ ಕಥೆ ಬೇರೆ. ಆದರೆ ರಿಂಗ್ ರೋಡ್, ಹೈವೇ ಹತ್ತಿರ ಇರುವವರಿಗೆ ಇದು ಅಷ್ಟು ಸರಿ ಬರುವುದಿಲ್ಲ. ಜನ ಜಾಸ್ತಿ ಓಡಾಡುವ ಹೊತ್ತಿನಲ್ಲಿ ದೊಡ್ಡ ಲಾರಿಗಳಿಗೆ ಊರೊಳಗೆ ನಿರ್ಬಂಧ ಇರುವುದರಿಂದ ಅವು ರಾತ್ರಿ ಮತ್ತು ಬೆಳಗಿನ ಜಾವವೇ ಓಡುತ್ತವೆ. ರಸ್ತೆ ಖಾಲಿ ಇರುವುದರಿಂದ ಜೋರಾಗಿಯೂ ಓಡುತ್ತವೆ.

ಚಳಿಗಾಲದಲ್ಲಿ ಇನ್ನೊಂದು ಸಂಗತಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಎಲ್ಲೋ ದೂರದ ಹೈವೇ, ರೈಲು ಮನೆ ಹಿಂದೆಯೇ ಇದ್ದ ಹಾಗೆ ಕೇಳುವುದು ಇದರಿಂದಲೇ. ಬಿಸಿಲು ಏರಿದ ಮೇಲೆ ಇದು ತಿಳಿಯಾಗುತ್ತದೆ. ಹೈವೇ ಪಕ್ಕದ ಬಡಾವಣೆಯಲ್ಲಿದ್ದು, ಕೆಲಸದ ಹೊತ್ತು ಕೈಯಲ್ಲಿದ್ದವರು ಹತ್ತು ಗಂಟೆಗೆ ನಡೆದು ನೋಡಿ, ಬೆಳಗಿನ ಜಾವಕ್ಕಿಂತ ಆರಾಮ ಅನ್ನಿಸಬಹುದು.

ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಗಾಳಿ ರಸ್ತೆಯಿಂದ ನಿಮ್ಮ ಕಡೆ ಬೀಸಿದರೆ ಸದ್ದೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ. ಆಗ ರಸ್ತೆಯ ಪಶ್ಚಿಮಕ್ಕಿರುವ ದಾರಿ ಹಿಡಿಯಿರಿ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ, ಆಗ ತಿರುಗಿಸಿಕೊಳ್ಳಿ.

ಹೋಗಿ ಕೇಳಿ ನೋಡಿ

ಮ್ಯಾಪ್‌ನಲ್ಲಿ ಗುರುತು ಮಾಡಿದ ಜಾಗಕ್ಕೆ ಹೋದ ಮೇಲೆ ನಡೆಯಲು ಶುರು ಮಾಡಬೇಡಿ. ನಡೆಯುವಾಗ ನಮ್ಮ ಹೆಜ್ಜೆ, ಉಸಿರಿನ ಸದ್ದಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಒಂದು ಕಡೆ ನಿಂತು ಕಣ್ಣು ಮುಚ್ಚಿ. ಹಾರ್ನ್ ಎಷ್ಟು ಸಲ ಕೇಳಿತು? ಒಂದು ಹಾರ್ನಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಗುತ್ತಿದೆಯೇ? ಮರದ ಮೇಲಿನ ಅಳಿಲಿನ ಕೂಗು ಕೇಳುತ್ತಿದೆಯೇ? ಜೊತೆಯಲ್ಲಿ ಯಾರಾದರೂ ಇದ್ದರೆ ನಾಲ್ಕು ಹೆಜ್ಜೆ ದೂರ ನಿಲ್ಲಿಸಿ ಮೆಲುದನಿಯಲ್ಲಿ ಮಾತಾಡಿಸಿ. ಕೇಳಿದ್ದನ್ನೇ ಮತ್ತೆ ಕೇಳಬೇಕಾಗಿ ಬಂದರೆ ಆ ಜಾಗ ಬಿಡಿ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳಿವೆ. ಐಫೋನ್ ಇದ್ದವರಿಗೆ ಎನ್‌ಐಒಎಸ್‌ಎಚ್ ಸೌಂಡ್ ಲೆವೆಲ್ ಮೀಟರ್ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಬೇರೆ ಬೇರೆ ಇವೆ. ಒಂದೊಂದು ಫೋನಿನ ಮೈಕು ಒಂದೊಂದು ಥರ ಇರುವುದರಿಂದ ಅಂಕಿಯನ್ನು ಪೂರ್ತಿ ನಂಬಬೇಡಿ. ಅದೇ ಫೋನು, ಅದೇ ಹೊತ್ತು, ಎರಡು ಜಾಗ ಹೋಲಿಸಲು ಮಾತ್ರ ಬಳಸಿ. ಒಂದು ಅಂದಾಜಿಗೆ: 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45 ಮಿತಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಹಗಲು 50. ಫೋನು 50ರ ಆಸುಪಾಸು ತೋರಿಸಿದರೆ ನಗರದ ಮಟ್ಟಿಗೆ ಒಳ್ಳೆಯ ಜಾಗವೇ.

ಒಂದು ದಿನ ನೋಡಿ ತೀರ್ಮಾನ ಮಾಡಬೇಡಿ. ಭಾನುವಾರ ಒಂದು ಸಲ, ವಾರದ ಮಧ್ಯೆ ಒಂದು ಸಲ ಹೋಗಿ.

ಕೆಲವು ಜಾಗಗಳು, ಒಳಹೊಕ್ಕುವ ಬಗೆ ಸಮೇತ

ಲಾಲ್‌ಬಾಗ್ 240 ಎಕರೆ ಇದೆ. ಅಷ್ಟು ದೊಡ್ಡದಾದ್ದರಿಂದ ನಡುವೆ ಸದ್ದು ಇಳಿಯುತ್ತದೆ. ಆದರೆ ತುಂಬಾ ಜನ ಗೇಟಿನಿಂದ ಒಳಗೆ ಬಂದು ಕಾಂಪೌಂಡಿನ ಪಕ್ಕದ ದಾರಿಯಲ್ಲೇ ಸುತ್ತು ಹಾಕುತ್ತಾರೆ. ಉದ್ದ ಸಿಗುತ್ತದೆ ನಿಜ, ಗೋಡೆಯಾಚೆಯ ಬಸ್ಸುಗಳ ಸದ್ದೂ ಜೊತೆಗೇ ಬರುತ್ತದೆ. ಮೆಟ್ರೋದಲ್ಲಿ ಬಂದರೆ ಪಶ್ಚಿಮ ಗೇಟು ಹತ್ತಿರ. ಅಲ್ಲಿಂದ ನೇರ ಒಳಗೆ ನಡೆದು, ಹಳೆಯ ದೊಡ್ಡ ಮರಗಳ ನಡುವಿನ ಒಳದಾರಿಗಳಲ್ಲೇ ಸುತ್ತಾಡಿ. ಗಾಜಿನ ಮನೆಯ ಸುತ್ತ ಜನ ಜಾಸ್ತಿ, ಅದನ್ನು ಬೇಗ ದಾಟಿ. ಕೆಂಪೇಗೌಡರ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ನಿಂತರೆ ಊರು ಚೆನ್ನಾಗಿ ಕಾಣುತ್ತದೆ, ಕಂಡಷ್ಟೂ ಕೇಳುತ್ತದೆ. ಇಳಿದು ಬಂಡೆಯ ಮರೆಗೆ ಬಂದಾಗ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಟಿಕೆಟ್ ಇಲ್ಲ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಬೇರೆ ಜಾಗ ನೋಡಿಕೊಳ್ಳಿ.

ಕಬ್ಬನ್ ಪಾರ್ಕಿಗೆ ಹೋಗುವುದಾದರೆ ಭಾನುವಾರ. ಅವತ್ತು ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಬೇರೆ ದಿನ ಪಾರ್ಕಿನ ನಡುವೆಯೇ ಗಾಡಿಗಳು ಹರಿಯುತ್ತವೆ. ಆಗ ರಸ್ತೆಗಳಿಂದ ದೂರ ಇರುವ ಬಿದಿರು ಮೆಳೆಗಳ ಕಡೆಗೆ ಹೋಗಿ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ತುಂಬಾ ದೊಡ್ಡದು. ಒಳಗಿನ ಡಾಂಬರು ರಸ್ತೆಗಳನ್ನು ಶಾರ್ಟ್‌ಕಟ್ ಆಗಿ ಬಳಸುವವರು ಇರುವುದರಿಂದ ಮಣ್ಣಿನ ದಾರಿಗಳನ್ನು ಹಿಡಿಯಿರಿ. ಕನಕಪುರ ರಸ್ತೆಯ ಕಡೆಯವರಿಗೆ ತುರಹಳ್ಳಿ ಅರಣ್ಯ ಇದೆ, ಬಂಡೆಗಳ ಮರೆ ಚೆನ್ನಾಗಿ ಸಿಗುತ್ತದೆ. ಅಲ್ಲಿ ಚಿರತೆ ಕಾಣಿಸಿಕೊಂಡದ್ದು ಉಂಟು, ಹಾಗಾಗಿ ಬೆಳಕು ಹರಿದ ಮೇಲೆ, ಜೊತೆ ಮಾಡಿಕೊಂಡೇ ಹೋಗಿ. ಅರಣ್ಯ ಇಲಾಖೆಯ ಫಲಕ ಏನು ಹೇಳುತ್ತದೋ ಹಾಗೇ ನಡೆದುಕೊಳ್ಳಿ.

ಮೈಸೂರಿನವರು ಪುಣ್ಯವಂತರು. ಕುಕ್ಕರಹಳ್ಳಿ ಕೆರೆಯಲ್ಲಿ ಹುಣಸೂರು ರಸ್ತೆಯಿಂದ ದೂರ ಸರಿಯುತ್ತಾ ಮಾನಸಗಂಗೋತ್ರಿಯ ಕಡೆ ನಡೆದರೆ ಊರ ನಡುವೆ ಇದ್ದೇವೆ ಅಂತಲೇ ಅನ್ನಿಸುವುದಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿಯೂ ನಂದಿ ಸಿಗುವವರೆಗೆ ಗಾಡಿ ರಸ್ತೆಯಿಂದ ಬೇರೆಯೇ ಇದೆ. ಆಷಾಢ ಶುಕ್ರವಾರ ಮಾತ್ರ ಬೇಡ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಮಂಗಳೂರಿನವರಿಗೆ ತಣ್ಣೀರುಬಾವಿ ಕಡಲ ದಂಡೆ ಸಾಕು, ಅಲೆಗಳ ಸದ್ದಿನಲ್ಲಿ ಬೇರೆ ಸದ್ದು ಉಳಿಯುವುದಿಲ್ಲ.

ಹೊರಡುವ ಮುಂಚೆ

ಜನ ಇಲ್ಲದ ಜಾಗಕ್ಕೆ ಅದರದೇ ತೊಂದರೆಗಳಿವೆ. ನಿಶ್ಶಬ್ದ ಬೇಕು, ನಿರ್ಜನ ಬೇಡ, ಅದರಲ್ಲೂ ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ. ಕೆಲವರಾದರೂ ನಡೆಯುವ, ಎರಡು ಕಡೆ ಹೊರಬರುವ ದಾರಿ ಇರುವ ಜಾಗ ಆರಿಸಿಕೊಳ್ಳಿ. ಎಲ್ಲಿಗೆ ಹೋಗಿದ್ದೀರಿ ಅಂತ ಮನೆಯಲ್ಲಿ ಗೊತ್ತಿರಲಿ. ಡೆಡ್ ಎಂಡ್ ಬೀದಿಗಳಲ್ಲಿ ನಾಯಿಗಳು ಹೊಸಬರನ್ನು ಸುಲಭಕ್ಕೆ ಬಿಡುವುದಿಲ್ಲ. ಮೊದಲ ಕೆಲವು ದಿನ ಬೆಳಕಾದ ಮೇಲೆ ಹೋಗಿ, ಓಡದೆ ನಿಧಾನಕ್ಕೆ ದಾಟಿ. ಮಳೆಗಾಲದಲ್ಲಿ ಕೆರೆಯಂಚಿನ ಹುಲ್ಲಿನಲ್ಲಿ ಹಾವಿರುತ್ತದೆ, ಶೂ ಹಾಕಿಕೊಳ್ಳಿ, ದಾರಿ ಬಿಟ್ಟು ಇಳಿಯಬೇಡಿ. ಎಷ್ಟೋ ಕೆರೆ, ಪಾರ್ಕುಗಳನ್ನು ಮಧ್ಯಾಹ್ನ ಮುಚ್ಚುತ್ತಾರೆ. ಗೇಟಿನ ಫಲಕ ನೋಡಿಕೊಳ್ಳಿ. ಕ್ಯಾಂಪಸ್‌ಗಳಲ್ಲಿ ಗುರುತಿನ ಚೀಟಿ ಕೇಳಬಹುದು, ಇಟ್ಟುಕೊಂಡಿರಿ.

ಇನ್ನೊಂದು ಮಾತು, ಇಯರ್‌ಫೋನ್ ಹಾಕಿಕೊಂಡರೆ ಆಯಿತಲ್ಲ ಅನ್ನುವವರಿಗೆ. ಹೊರಗಿನ ಸದ್ದು ಮುಚ್ಚಲು ಹಾಡಿನ ಸದ್ದು ಏರಿಸಬೇಕಾಗುತ್ತದೆ, ಹಿಂದಿನಿಂದ ಬರುವ ಬೈಕು ಕೇಳುವುದಿಲ್ಲ. ಮನೆಯಿಂದ ಆ ಜಾಗಕ್ಕೆ ಹೋಗುವ ಹತ್ತು ನಿಮಿಷದ ದಾರಿಯಲ್ಲಂತೂ ಬೇಡ. ಆ ದಾರಿಯನ್ನೂ ಒಳಕ್ರಾಸ್‌ಗಳಲ್ಲೇ ಜೋಡಿಸಿಕೊಳ್ಳಿ, ಮೇನ್ ರೋಡನ್ನು ಸಿಗ್ನಲ್ ಇರುವ ಒಂದೇ ಕಡೆ ದಾಟುವ ಹಾಗೆ ನೋಡಿಕೊಳ್ಳಿ. ಐದು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ. ಒಳಗೆ ಹೋದ ಮೇಲೆ ಫೋನಿನ ಸ್ಪೀಕರಿನಲ್ಲಿ ಭಜನೆ, ಸುದ್ದಿ, ವಿಡಿಯೋ ಯಾವುದನ್ನೂ ಹಾಕಬೇಡಿ. ಬೇರೆಯವರೂ ನಿಮ್ಮ ಹಾಗೆಯೇ ಕಿವಿಗೆ ಬಿಡುವು ಬೇಕು ಅಂತ ಅಲ್ಲಿಗೆ ಬಂದಿರುತ್ತಾರೆ, ಅಲ್ವಾ?

ಚೆನ್ನಾಗಿದ್ದ ಒಳದಾರಿಯೊಂದು ಶಾರ್ಟ್‌ಕಟ್ ಆಗಿ ಹಾಳಾಗತೊಡಗಿದರೆ ಸುಮ್ಮನೆ ಬಿಟ್ಟುಕೊಡಬೇಡಿ. ಯಾವ ಹೊತ್ತಿಗೆ, ಯಾವ ಕಡೆಯಿಂದ ಗಾಡಿಗಳು ಬರುತ್ತವೆ ಅಂತ ಒಂದು ವಾರ ಬರೆದಿಟ್ಟುಕೊಳ್ಳಿ. ಬೀದಿಯವರ ಸಹಿ ಹಾಕಿಸಿ ಸಂಚಾರ ಠಾಣೆಗೂ ವಾರ್ಡ್ ಕಚೇರಿಗೂ ಕೊಡಿ. ಕೇಳುವುದನ್ನು ಸ್ಪಷ್ಟವಾಗಿ ಕೇಳಿ: ಬೀದಿಯ ತುದಿಗೆ ಗಾಡಿ ನುಗ್ಗದ ಹಾಗೆ ಕಂಬ, ಅಥವಾ ಬೆಳಿಗ್ಗೆ ಆರರಿಂದ ಎಂಟರವರೆಗೆ ವಾಹನ ನಿಷೇಧ, ಅಥವಾ ಭಾನುವಾರ ಒಂದು ದಿನ. ಕಬ್ಬನ್ ಪಾರ್ಕಿನ ಭಾನುವಾರದ ಉದಾಹರಣೆಯನ್ನು ಅರ್ಜಿಯಲ್ಲೇ ಬರೆಯಿರಿ.